ನೀಲಿ ಕಲಿಯಲು ಬೇಕಾದ ವರ್ಷಗಳು

ಬೆಳಿಗ್ಗೆಯಿಂದ ಅವನ ಮುಂದೆ ಯಾರದೋ ಕೆಳದವಡೆ ಕೂತಿತ್ತು. ಪ್ಲಾಸ್ಟರಿನದು, ಒಂದೂ ಹಲ್ಲಿಲ್ಲದ್ದು. ಅದರ ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸಿ, ಚಾಕು ಕಾಯಿಸಿ, ಒಂದೊಂದೇ ಹಲ್ಲನ್ನು ಮೇಣದೊಳಕ್ಕೆ ಒತ್ತಿ ನಿಲ್ಲಿಸಬೇಕು. ಕಟ್ಟುಹಲ್ಲು ಮಾಡುವ ಈ ಕೆಲಸ ಅವನಿಗೆ ಮೂವತ್ತು ವರ್ಷದ್ದು. ಕಣ್ಣು ಮುಚ್ಚಿದರೂ ಕೈ ತಪ್ಪುತ್ತಿರಲಿಲ್ಲ. ಆದರೆ ಆವತ್ತು ಮೂರನೆಯ ಹಲ್ಲು ಓರೆಯಾಗಿ ಕೂತಿತು. ಕಿತ್ತು ಕೂರಿಸಿದ. ಮತ್ತೆ ಓರೆ. ಕೈಗೇನೂ ಆಗಿರಲಿಲ್ಲ, ಆಗಿದ್ದೆಲ್ಲ ತಲೆಗೆ. ಬಸ್ಸಿನಲ್ಲಿ ಬರುವಾಗ ಸುಮ್ಮನಿರಲಾರದೆ ಫೋನ್ ತೆಗೆದು, ಯಾರೋ ಗುರುತಿಲ್ಲದವರು ಕಳಿಸಿದ್ದ ನಾಲ್ಕು ಸಾಲು ಓದಿಬಿಟ್ಟಿದ್ದ. ‘ನಿಮ್ಮ ಮಾಡ್‌ನ ಹಳೆಯ ಆವೃತ್ತಿ ನಿಮ್ಮ ಹತ್ತಿರ ಇದೆಯಾ? ಅದರಲ್ಲಿ ಬಣ್ಣಗಾರ್ತಿಯ ಪಕ್ಕ ಒಬ್ಬ ಹುಡುಗಿ ಹದಿನಾಲ್ಕು ವರ್ಷ ಕೂತು ನೀಲಿ ಕಲಿಯುತ್ತಿದ್ದಳು. ಈಗಿನದರಲ್ಲಿ ಒಂದು ಗುಂಡಿ ಒತ್ತಿದರೆ ನೀಲಿ ಬಂದುಬಿಡುತ್ತದೆ. ನನಗೆ ಹಳೆಯದೇ ಬೇಕು.’ ಇಷ್ಟೇ. ಬೈಗುಳವೂ ಅಲ್ಲ, ಹೊಗಳಿಕೆಯೂ ಅಲ್ಲ. ಆದರೂ ಯಾರೋ ಬಸ್ಸು ತುಂಬ ಜನರ ಮುಂದೆ ಅವನ ಕಿವಿ ಹಿಂಡಿದ ಹಾಗಾಗಿ, ಇಳಿಯುವ ಸ್ಟಾಪು ದಾಟಿ ಮುಂದೆ ಹೋಗಿ, ಅರ್ಧ ಮೈಲಿ ವಾಪಸು ನಡೆದುಕೊಂಡು ಬಂದಿದ್ದ.

ಮಾಡ್ ಎಂದರೆ ಇನ್ನೊಬ್ಬರು ಮಾಡಿದ ಕಂಪ್ಯೂಟರ್ ಆಟದೊಳಗೆ ನಮ್ಮ ಕೈ ಆಡಿಸುವುದು. ಬಾಡಿಗೆ ಮನೆಯ ಗೋಡೆಗೆ ನಮಗೆ ಬೇಕಾದ ಬಣ್ಣ ಬಳಿದುಕೊಂಡ ಹಾಗೆ. ಅದೊಂದು ಊರು ಕಟ್ಟುವ ಆಟ. ಬಾವಿ ತೋಡಿಸಬೇಕು, ಬೀದಿ ಹಾಕಿಸಬೇಕು, ಜನರಿಗೆ ಹೊಸ ವಿದ್ಯೆ ಬರಬೇಕೆಂದರೆ ಸಂಶೋಧನೆ ಎಂಬ ಗುಂಡಿ ಒತ್ತಬೇಕು. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ ನಿಧಾನವಾಗಿ ತುಂಬುತ್ತದೆ, ತುಂಬಿದ ಕೂಡಲೇ ಗಂಟೆ ಬಾರಿಸುತ್ತದೆ, ಆಮೇಲೆ ಇಡೀ ಊರಿಗೆ ಗಾಜು ಊದುವುದು ಗೊತ್ತು. ಪ್ರಳಯವಾದರೂ ಮರೆಯುವುದಿಲ್ಲ. ಇದೇ ಅಕ್ಕನಿಗೆ ಹಿಡಿಸುತ್ತಿರಲಿಲ್ಲ. ‘ಇದೇನೋ ಇದು, ಗಂಟೆ ಹೊಡೆದ ತಕ್ಷಣ ಎಲ್ಲರಿಗೂ ವಿದ್ಯೆ ಬಂದುಬಿಡುತ್ತೆ! ನಮ್ಮ ಫ್ಯಾಕ್ಟರಿಲಿ ಹಾಗಾಗಿದ್ರೆ ನಾನು ಎರಡನೇ ದಿನವೇ ಮನೆಗೆ ಬಂದು ಮಲಗ್ತಿದ್ದೆ’ ಎನ್ನುತ್ತಿದ್ದಳು. ಭಾನುವಾರದ ಮಧ್ಯಾಹ್ನಗಳು ಅವು. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಹಳೆಯ ಕಂಪ್ಯೂಟರು ಫ್ಯಾನಿಗಿಂತ ಜೋರಾಗಿ ಗುಂಯ್‌ಗುಡುತ್ತಿತ್ತು. ಅಕ್ಕ ಊಟ ಮುಗಿಸಿ ಎರಡು ಬಸ್ಸು ಬದಲಿಸಿ ಬಂದು, ಚಪ್ಪಲಿಯನ್ನು ಬಾಗಿಲಲ್ಲೇ ಕಳಚಿ ಎಸೆದು, ಪ್ಲಾಸ್ಟಿಕ್ ಕುರ್ಚಿಯನ್ನು ಅವನ ಎಡಕ್ಕೆ ಎಳೆದುಕೊಳ್ಳುತ್ತಿದ್ದಳು. ಎಡಕ್ಕೇ ಕೂರಬೇಕು, ಬಲಕ್ಕೆ ಕೂತರೆ ಕಿಟಕಿಯ ಬೆಳಕಲ್ಲಿ ಪರದೆಯ ಬಣ್ಣ ಸುಳ್ಳು ಹೇಳುತ್ತದಂತೆ. ಅವಳ ಕಣ್ಣಿನ ಮಾತಿಗೆ ಎದುರಾಡುವಂತಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು: ಗಿರಾಕಿ ಒಂದು ಮುರಿದ ಕಿಟಕಿಯ ಚೂರು ತಂದುಕೊಟ್ಟರೆ, ಅದೇ ಬಣ್ಣವನ್ನು ಡಬ್ಬದಲ್ಲಿ ಬರಿಗಣ್ಣಿನಿಂದ ಹೊಂದಿಸಿ ಕೊಡುವುದು. ಅವಳಿಗೆ ಅದನ್ನು ಕಲಿಸಿದವರು ಕನ್ನಡಕದ ಸಾರ್ ಎಂಬ ಹಿರಿಯರು. ಅವರು ಒಂದು ಬುಧವಾರ ಸತ್ತರು. ‘ಸಾರ್ ಹೋದ ಮೇಲೆ ನಮ್ಮ ಫ್ಯಾಕ್ಟರಿ ಅರ್ಧ ಹಸಿರು ಮರೆತುಬಿಡ್ತು ಕಣೋ’ ಎಂದು ಅಕ್ಕ ಹೇಳಿದ್ದು ಅವನ ಕಿವಿಯಲ್ಲಿ ಈಗಲೂ ಹಾಗೇ ಇದೆ.

ಮೇಣ ಆರಿತು. ಮತ್ತೆ ಚಾಕು ಕಾಯಿಸಿದ. ನಿಜ ಹೇಳಬೇಕೆಂದರೆ ಆ ಮಾಡ್‌ನಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಹುಟ್ಟಿದ್ದು ಅವನ ಒಂದು ದಡ್ಡತನದಿಂದ. ಸಂಶೋಧನೆಗೆ ಸ್ವಂತ ನಿಯಮ ಬರೆಯುತ್ತಿದ್ದಾಗ, ಎಷ್ಟು ಕಲಿತಾಯಿತು ಎಂಬ ಎಣಿಕೆಯನ್ನು ಊರಿನ ಹೆಸರಿಗೆ ಕಟ್ಟಬೇಕಿತ್ತು. ಅವನು ಕಲಿಯುತ್ತಿದ್ದ ಆಳಿನ ಹೆಸರಿಗೆ ಕಟ್ಟಿದ. ಒಂದೇ ಒಂದು ಪದ. ಪರೀಕ್ಷೆಗೆಂದು ಆಟ ಓಡಿಸಿದರೆ, ಗಂಟೆ ಎರಕ ಹೊಯ್ಯುವ ಮುದುಕ ಪಟ್ಟಿ ಮುಕ್ಕಾಲು ತುಂಬಿಸಿ ಸತ್ತ, ಪಟ್ಟಿ ಠಣ್ಣನೆ ಸೊನ್ನೆಗೆ ಇಳಿಯಿತು. ಊರಿಗೆ ಊರೇ ಎರಕ ಮರೆತಿತ್ತು. ಅವನು ನಾಲಿಗೆ ಕಚ್ಚಿಕೊಂಡು ಸರಿಮಾಡಲು ಕೈ ಹಾಕಿದ. ಅಕ್ಕ ಅವನ ಮಣಿಕಟ್ಟು ಹಿಡಿದಳು. ‘ಮುಟ್ಟಬೇಡ!’

‘ತಪ್ಪಾಗಿದೆ ಕಣಕ್ಕ, ತಪ್ಪು ಹೆಸರಿಗೆ ಕಟ್ಟಿದೀನಿ.’

‘ಸರಿಯಾದ ಹೆಸರಿಗೇ ಕಟ್ಟಿದೀಯ. ವಿದ್ಯೆ ಊರಿನ ಹತ್ತಿರ ಇರುತ್ತೇನೋ? ಆಳಿನ ಹತ್ತಿರ ಇರುತ್ತೆ. ಆಳು ಹೋದ್ರೆ ಹೋಯ್ತು. ಇನ್ನೊಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ರೆ ಉಳೀತು.’

ಹಾಗೆ ಹುಟ್ಟಿತು ಅವರ ನಿಯಮ. ಐವತ್ತು ದಾಟಿದ ಕೆಲಸಗಾರನ ಪಕ್ಕ ಒಬ್ಬ ಎಳೆಯನೋ ಎಳೆಯಳೋ ಬಂದು ಕೂರಬೇಕು, ಕೂತ ವರ್ಷಗಳು ಎಣಿಕೆಯಾಗಬೇಕು, ಎಣಿಕೆ ಮುಗಿಯುವ ಮೊದಲು ಹಿರಿಯರು ಸತ್ತರೆ ಅಷ್ಟರಮಟ್ಟಿಗೆ ಊರು ಬಡವಾಗಬೇಕು. ಯಾವ ವಿದ್ಯೆಗೆ ಎಷ್ಟು ವರ್ಷ ಎಂಬುದಕ್ಕೆ ಮಾತ್ರ ವಾರಗಟ್ಟಲೆ ರಂಪ. ನೀಲಿಗೆ ಅವಳು ಇಪ್ಪತ್ತು ಎಂದಳು. ಇವನು ಎಂಟಕ್ಕೆ ಮೇಲೆ ಒಂದೂ ಇಲ್ಲ, ಆಟ ಆಡುವವರು ಹಲ್ಲು ಉದುರುವ ತನಕ ಕಾಯುತ್ತಾರೆಯೇ ಎಂದ. ಅವಳು ಕುರ್ಚಿ ಸರಿಸಿ ಎದ್ದು ಹೋದಳು, ಮೆಟ್ಟಿಲಿಳಿದಳು, ಗೇಟಿನ ತನಕ ಹೋಗಿ ವಾಪಸು ಬಂದು ‘ಹದಿನಾರು’ ಎಂದಳು. ಹದಿನಾಲ್ಕಕ್ಕೆ ನಿಂತಿತು. ಅವನ ಹೆಂಡತಿ ಕೆಳಗಿನಿಂದ ‘ಏನು, ಆಸ್ತಿ ಭಾಗ ಮಾಡ್ಕೋತಿದೀರಾ ಅಕ್ಕ ತಮ್ಮ?’ ಎಂದು ಕೂಗಿದ್ದಳು. ಮಾಡ್ ಕಟ್ಟಿದ ಆ ಎರಡು ವರ್ಷ ಅವನು ಬದುಕಿದ್ದಷ್ಟು ಆಮೇಲೆ ಬದುಕಲಿಲ್ಲ ಎಂದು ಈಗ, ಮೇಣದ ವಾಸನೆಯಲ್ಲಿ ಮೂಗು ಉಜ್ಜಿಕೊಳ್ಳುತ್ತ, ಅವನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಹೆಂಡತಿಯ ಮುಖ ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಕ್ಲಿನಿಕ್ಕಿನ ಡಾಕ್ಟರಮ್ಮ ಒಳಗೆ ಬಂದವರು ಬಗ್ಗಿ ನೋಡಿದರು. ಅವನ ಮಗಳ ವಯಸ್ಸಿನವರು, ಮಾತು ಮಾತ್ರ ಹೆಡ್‌ಮೇಷ್ಟರದು. ‘ಇದೇನ್ರೀ, ಈ ಹಲ್ಲು ಪಕ್ಕದ ಹಲ್ಲಿಗೆ ಗುಟ್ಟು ಹೇಳೋ ಹಾಗೆ ಬಗ್ಗಿದೆ?’

‘ಸರಿಮಾಡ್ತೀನಿ ಮೇಡಮ್.’

‘ನೀವು ತಪ್ಪು ಮಾಡಿದ್ದು ನಾನು ನೋಡೇ ಇಲ್ಲ. ಮೈ ಹುಷಾರಾಗಿದೆ ತಾನೆ?’

ತಪ್ಪು ಮಾಡಿದ್ದು ನೋಡೇ ಇಲ್ಲವಂತೆ. ಅವನಿಗೆ ನಗಬೇಕೆನ್ನಿಸಿತು. ಎಂಟು ವರ್ಷದ ಹಿಂದೆ ಮಾಡ್ ಹೊರಗೆ ಬಿಟ್ಟ ಎರಡನೇ ವಾರವೇ ಆಟಗಾರರು ಅದರ ಪುಟದ ಕೆಳಗೆ ಬರೆಯತೊಡಗಿದ್ದರು. ‘ನಲವತ್ತು ಗಂಟೆ ಆಡಿ ಕಟ್ಟಿದ ಊರು, ಒಬ್ಬ ಮುದುಕಿ ಸತ್ತಳು ಅಂತ ಬಣ್ಣ ಮರೆತುಬಿಟ್ಟಿದೆ.’ ‘ಈ ಸಂಶೋಧನೆ ಬರೆದ ಮಹಾನುಭಾವನಿಗೆ ಎಣಿಸೋಕೂ ಬರಲ್ಲ.’ ಅದರ ಕೆಳಗೆ ನಗುವ ಮುಖಗಳ ಸಾಲು, ಸಾಲಿನ ಕೆಳಗೆ ಇನ್ನೊಂದು ಸಾಲು. ನೂರಾರು ಮಂದಿ ಮೆಚ್ಚಿ ಬರೆದದ್ದೂ ಇತ್ತು. ಅದು ಅವನ ಕಣ್ಣಿಗೆ ಬೀಳಲೇ ಇಲ್ಲ. ಅವನ ಬುದ್ಧಿಯೇ ಅಂಥದು, ಹೂಮಾಲೆ ಹಾಕಿದರೂ ಅದರೊಳಗಿನ ದಾರವೇ ಚುಚ್ಚುತ್ತದೆ. ಮೂರು ದಿನ ಊಟ ರುಚಿಸಲಿಲ್ಲ. ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಕೂತು, ಆ ಒಂದು ಪದ ಬದಲಿಸಿದ. ಆಳು ಇದ್ದಲ್ಲಿ ಊರು. ಪಕ್ಕದಲ್ಲಿ ಕೂರುವ ನಿಯಮಕ್ಕೆ ಇನ್ನು ಅರ್ಥವಿಲ್ಲವೆಂದು ಅದನ್ನೂ ಅಂಕಿಗಳನ್ನೂ ಅಳಿಸಿದ. ಹಳೆಯದರ ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ, ಅದೇ ಬಿಸಿಯಲ್ಲಿ, ಹೀಗೆ ಬರೆದ: ‘ಸಂಶೋಧನೆಯಲ್ಲಿದ್ದ ದೋಷ ಸರಿಪಡಿಸಲಾಗಿದೆ. ಅದು ನನ್ನ ಅಕ್ಕನ ಕಡೆಯಿಂದ ಬಂದದ್ದು. ಅವಳಿಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ, ಕ್ಷಮಿಸಿ.’

ಅವಳಿಗೆ ಕಾಣುವುದಿಲ್ಲ ಎಂದುಕೊಂಡಿದ್ದನೆ? ಅದನ್ನೂ ಅಂದುಕೊಂಡಿರಲಿಲ್ಲ. ಮಾನ ಹೋಗುವಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಅವನ ಕೈಗೆ ಅಕ್ಕ ಸಿಕ್ಕಳು. ಗುರುವಾರ ಅವಳ ಫೋನು ಬಂತು. ‘ಓದಿದೆ ಕಣೋ’ ಎಂದಳು. ಅವನು ಕಾದ. ‘ಸರಿ, ಇಡ್ತೀನಿ, ಕುಕ್ಕರ್ ಕೂಗ್ತಿದೆ’ ಎಂದಳು. ಆ ಭಾನುವಾರ ಅವಳಿಗೆ ಮಂಡಿನೋವು. ಮುಂದಿನ ಭಾನುವಾರವೂ ಮಂಡಿನೋವು. ಎಂಟು ವರ್ಷದ ಮಂಡಿನೋವು! ಆ ಮಂಡಿಯಲ್ಲೇ ಅವಳು ಮದುವೆಮನೆಗಳಲ್ಲಿ ಮೆಟ್ಟಿಲು ಹತ್ತಿದಳು, ಭಾವನ ಜೊತೆ ಎರಡು ಸಲ ಪ್ರವಾಸ ಹೋಗಿ ಬಂದಳು. ಸಿಕ್ಕಾಗಲೆಲ್ಲ ನಗುನಗುತ್ತ ಮಾತಾಡುವಳು. ಸಕ್ಕರೆ ಎಷ್ಟಿದೆ, ಬಿಪಿ ಎಷ್ಟಿದೆ, ಮಗಳು ಹೇಗಿದ್ದಾಳೆ. ಹಾಗೆ ಅವಳು ಬಸ್ಸಿನಲ್ಲಿ ಪಕ್ಕ ಕೂತ ಯಾರ ಜೊತೆಯೂ ಮಾತಾಡಬಲ್ಲಳು. ಒಂದು ಸಲವಾದರೂ ಬೈದಿದ್ದರೆ ಕಾಲು ಹಿಡಿದುಕೊಂಡುಬಿಡುತ್ತಿದ್ದ. ಬೈಯಲೇ ಇಲ್ಲ ಪುಣ್ಯಾತ್ಗಿತ್ತಿ.

ಆವತ್ತು ಶನಿವಾರ, ಅರ್ಧ ದಿನದ ಕೆಲಸ. ಒಂದು ಗಂಟೆಗೆ ಕೈ ತೊಳೆದು, ಉಗುರಿನ ಸಂದಿಯ ಮೇಣ ಕೀಳುತ್ತ ಫೋನ್ ಮಾಡಿದ. ‘ಅಕ್ಕಾ, ಮನೇಲಿದೀಯಾ? ಬರಲಾ?’

‘ಬಾರಪ್ಪ. ಏನು ವಿಶೇಷ? ಎಲ್ಲಾ ಚೆನ್ನಾಗಿದಾರೆ ತಾನೆ?’

‘ಯಾರೋ ನಮ್ಮ ಹಳೇ ಮಾಡ್ ಬೇಕು ಅಂತಿದಾರೆ. ಪಕ್ಕದಲ್ಲಿ ಕೂತು ಕಲಿಯೋದು. ನಿಯಮ ಮತ್ತೆ ಬರೀಬಹುದು, ಅಂಕಿಗಳು ಅಳಿಸಿಹೋಗಿವೆ. ನಿನಗೆ ನೆನಪಿದೆಯಾ ಅಂತ.’

ಆ ಕಡೆ ಭಾವನ ಟಿವಿಯ ಸದ್ದು ಮಾತ್ರ. ‘ಬಾ’ ಎಂದಳು. ಈ ಸಲ ‘ಅಪ್ಪ’ ಸೇರಿಸಲಿಲ್ಲ.

ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿದ, ಕೆಡವಿದ. ‘ಅಕ್ಕಾ, ಆವತ್ತು ನಾನು’ ಎಂದು ಶುರುಮಾಡಿದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಚಿಕ್ಕವನಿದ್ದಾಗ ಅವಳ ಜಾಮಿಟ್ರಿ ಪೆಟ್ಟಿಗೆಯ ಕೈವಾರ ಮುರಿದು, ಅವಳೇ ಮುರಿದಳೆಂದು ಅಪ್ಪನ ಹತ್ತಿರ ಹೇಳಿದ್ದು ಯಾಕೋ ನೆನಪಾಯಿತು. ಅವಳು ಆಗಲೂ ಬಾಯಿ ಬಿಟ್ಟಿರಲಿಲ್ಲ. ಪೆಟ್ಟು ತಿಂದು ಬಂದು ಅವನ ತಲೆಗೆ ಒಂದು ಮೊಟಕಿ, ಎದುರಿಗೆ ಕೂತು ಅವನಿಗೆ ಮಗ್ಗಿ ಹೇಳಿಕೊಟ್ಟಿದ್ದಳು. ಮೊಟಕಿದ್ದಳಲ್ಲ, ಅದೇ ದೊಡ್ಡದು. ಕಂಡಕ್ಟರು ಬಂದು ಎರಡು ಸಲ ಕೇಳಿದ ಮೇಲೆ ಟಿಕೆಟ್ ತೆಗೆದುಕೊಂಡ.

ಬಾಗಿಲು ತೆಗೆದವರು ಭಾವ. ‘ಓಹೋ, ಹಲ್ಲಿನ ರಾಯರು! ಸೂರ್ಯ ಯಾವ ಕಡೆ ಹುಟ್ಟಿದ?’ ಎಂದು ನಕ್ಕು, ತಮ್ಮ ಕ್ರಿಕೆಟ್ಟಿಗೆ ವಾಪಸಾದರು. ಅಕ್ಕ ಒಳಕೋಣೆಯಲ್ಲಿ ಮೇಜು ಒರೆಸುತ್ತಿದ್ದಳು. ಒರೆಸಿಯಾಗಿದ್ದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು ಎಂದು ಅವನಿಗೆ ಕಂಡಿತು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಣ್ಣದ ಕಾರ್ಖಾನೆಯಿಂದ ನಿವೃತ್ತಳಾದವಳು ತಲೆಗೆ ಮಾತ್ರ ಬಣ್ಣ ಹಚ್ಚಿರಲಿಲ್ಲ. ಎರಡು ಕುರ್ಚಿ ಮೊದಲೇ ಹಾಕಿಟ್ಟಿದ್ದಳು. ಟೀ ಬಂತು, ಬಿಸ್ಕತ್ತು ಬಂತು, ಸಕ್ಕರೆ ಕಾಯಿಲೆಯ ಮಾತು ಬಂದು ಹೋಯಿತು. ಅವನು ಲ್ಯಾಪ್‌ಟಾಪ್ ತೆರೆದ. ‘ಅಕ್ಕಾ, ಆವತ್ತು ನಾನು’ ಎಂದ.

‘ಅದಿರಲಿ, ಮೊದಲು ಕೆಲಸ ನೋಡು’ ಎಂದು ಅವಳು ಕನ್ನಡಕ ಏರಿಸಿದಳು.

ಬರೆಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಆಳಿನ ಹೆಸರಿಗೆ ಎಣಿಕೆ, ಪಕ್ಕದ ಆಸನ, ಹಿರಿಯರು ಸತ್ತಾಗ ಏನಾಗಬೇಕು. ಬೆರಳುಗಳಿಗೆ ದಾರಿ ಗೊತ್ತಿತ್ತು. ಅವಳು ಎಡಗಡೆ ಉಸಿರಾಡುತ್ತಿದ್ದದ್ದು ಕೇಳಿಸುತ್ತಿತ್ತು, ಅದೇ ಕೊಬ್ಬರಿ ಎಣ್ಣೆಯ ವಾಸನೆ, ಅದೇ ಬೆರಳು ಪರದೆಗೆ ತಾಗಿ ಮಾಡುವ ಗುರುತು. ಎಂಟು ವರ್ಷ ನಡುವೆ ಇರಲೇ ಇಲ್ಲವೆಂಬಂತೆ ಅವನ ಎದೆ ಹಗುರಾಯಿತು. ಅಂಕಿಗಳಿಗೆ ಬಂದರು. ‘ಎರಕ?’ ‘ಒಂಬತ್ತು.’ ‘ಗಾಜು?’ ‘ಹನ್ನೊಂದು. ಊದೋದಕ್ಕೆ ಬೇರೆ, ಕತ್ತರಿಸೋದಕ್ಕೆ ಬೇರೆ ಇತ್ತು, ನೆನಪಿದೆಯಾ?’ ‘ಹೌದಲ್ಲ! ನೀಲಿ?’

ಅಕ್ಕ ಚಾವಣಿ ನೋಡಿದಳು. ತುಟಿ ಅಲ್ಲಾಡಿತು. ‘ನಲವತ್ತು’ ಎಂದಳು.

ಅವನ ಬೆರಳುಗಳು ಕೀಲಿಗಳ ಮೇಲೆ ನಿಂತವು. ನಲವತ್ತಲ್ಲ. ಆಟದಲ್ಲಿ ಕಲಿಸಲು ಐವತ್ತಾಗಬೇಕು, ಜನ ಎಪ್ಪತ್ತಕ್ಕೆ ಸಾಯುತ್ತಾರೆ. ನಲವತ್ತೆಂದರೆ ನೀಲಿಯನ್ನು ಯಾರೂ ಎಂದೂ ಕಲಿಯಲಾರರು. ಅಕ್ಕನಿಗೆ ಇದು ಹೊಳೆಯಲಿಲ್ಲವೆ? ಅವಳು ಅವನನ್ನೇ ನೋಡುತ್ತಿದ್ದಳು, ಸರಿಯಾಗಿ ಉತ್ತರ ಹೇಳಿದ ವಿದ್ಯಾರ್ಥಿನಿಯ ಹಾಗೆ. ‘ಯಾಕೆ, ಜಾಸ್ತಿಯಾಯ್ತಾ?’

‘ಇಲ್ಲ ಇಲ್ಲ’ ಎಂದ. ನಾಲ್ಕು ಒತ್ತಿದ, ಸೊನ್ನೆ ಒತ್ತಿದ. ಒತ್ತುವಾಗ ಅವನಿಗೆ ಆದ ಸುಖ ಏನು ಹೇಳುವುದು! ಆವತ್ತು ಅವಳನ್ನು ಕೇಳದೆ ತಿದ್ದಿದೆ. ಇವತ್ತು ತಿದ್ದಬಹುದಾದರೂ ತಿದ್ದುವುದಿಲ್ಲ. ಅವಳು ಅಂದದ್ದೇ ಸರಿ. ಆಟಗಾರರು ಬೈದರೆ ಬೈಸಿಕೊಳ್ಳುತ್ತೇನೆ. ಆಹಾ, ಎಂಥ ದೊಡ್ಡ ಮನಸ್ಸು! ಕಣ್ಣು ಕೂಡ ಸ್ವಲ್ಪ ತುಂಬಿತು ಮಹಾತ್ಮನಿಗೆ.

‘ಓಡಿಸು ನೋಡೋಣ’ ಎಂದಳು ಅಕ್ಕ.

ಆಟ ಓಡಿತು. ಒಂದು ವರ್ಷಕ್ಕೆ ಎರಡು ಸೆಕೆಂಡು. ಚಿಕ್ಕ ಊರು, ನೀಲಿ ಕಿಟಕಿಗಳ ಬೀದಿ, ಬೀದಿಯ ಕೊನೆಯಲ್ಲಿ ಬಣ್ಣದ ತೊಟ್ಟಿ. ಬಣ್ಣಗಾರ್ತಿಗೆ ಐವತ್ತಾಯಿತು, ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಅಕ್ಕ ‘ಬಂದಳು ಬಂದಳು’ ಎಂದು ಮುಂದಕ್ಕೆ ಬಾಗಿದಳು. ಎಣಿಕೆ ಏರಿತು: ಐದು, ಹನ್ನೆರಡು, ಹದಿನೆಂಟು. ಹತ್ತೊಂಬತ್ತಕ್ಕೆ ಬಣ್ಣಗಾರ್ತಿ ಸತ್ತಳು. ಹುಡುಗಿ ತೊಟ್ಟಿಯ ಪಕ್ಕ ಇನ್ನೂ ಕೂತೇ ಇದ್ದಳು. ಹುಡುಗಿಯಲ್ಲ, ಮೂವತ್ತು ದಾಟಿದ ಹೆಂಗಸು. ಬೀದಿಯ ಕಿಟಕಿಗಳು ಒಂದೊಂದಾಗಿ ಬೂದಿಬಣ್ಣಕ್ಕೆ ತಿರುಗಿದವು. ಎರಡನೆಯ ಸಲ ಓಡಿಸಿದರು, ಹಾಗೇ. ಮೂರನೆಯ ಸಲ ಅಕ್ಕನೇ ಕೈ ಚಾಚಿ ನಿಲ್ಲಿಸಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು.

‘ಮೊದಲು ಎಷ್ಟಿತ್ತೋ ಇದು?’

‘ಹದಿನಾಲ್ಕು.’

‘ನಾನು ನಲವತ್ತು ಅಂದಾಗ ನಿನಗೆ ಗೊತ್ತಿತ್ತಾ?’

ಅವನು ತಲೆ ತಗ್ಗಿಸಿದ. ‘ಹೂಂ.’

‘ಗೊತ್ತಿದ್ದೂ ಬರಕೊಂಡೆ.’

‘ನಿನ್ನ ಮನಸ್ಸಿಗೆ ನೋವಾಗಬಾರದು ಅಂತಕ್ಕ.’

‘ಥೂ ನಿನ್ನ!’ ಎಂದಳು. ‘ಆವತ್ತು ನಿನ್ನ ತಪ್ಪನ್ನ ತಂದು ನನ್ನ ತಲೆಗೆ ಕಟ್ಟಿದೆ. ಊರೆಲ್ಲ ಓದೋ ಹಾಗೆ. ಒಂದು ವಾರ ಅತ್ತಿದೀನಿ ನಾನು, ನಿಮ್ಮ ಭಾವನನ್ನ ಕೇಳು. ಆದ್ರೂ ಆವತ್ತು ನಾನು ನಿನ್ನ ಕಣ್ಣಲ್ಲಿ ತಪ್ಪು ಮಾಡಬಲ್ಲೋಳಾದ್ರೂ ಆಗಿದ್ದೆ. ಇವತ್ತು ಅದೂ ಇಲ್ಲ. ಮುದುಕಿಗೆ ಮರೆತುಹೋಗಿದೆ, ಏನೋ ಅಂತು, ಅಯ್ಯೋ ಪಾಪ ಅಂತ ಬರಕೊಂಡೆ. ಪಾಪ ಅನ್ನೋಕೆ ಎಂಟು ವರ್ಷ ಆದ್ಮೇಲೆ ಮನೆಗೆ ಬಂದ್ಯಾ?’

ಅವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೊಡೆದದ್ದೂ ಸರಿ ಎನ್ನಿಸಿತು. ತನ್ನ ದೊಡ್ಡ ಮನಸ್ಸು ಆ ಮಂಗಳವಾರದ ಟಿಪ್ಪಣಿಗಿಂತ ಸಣ್ಣದು ಎಂದು ತಿಳಿದು ಬೆವರಿಳಿಯಿತು. ಇನ್ನು ಎದ್ದು ಹೋಗಬೇಕು, ಚೀಲ ಎಲ್ಲಿ ಎಂದು ನೋಡಿದ. ನೋಡಿದವನು ಏಳಲಿಲ್ಲ. ಪರದೆಯನ್ನೇ ನೋಡುತ್ತ ಹೇಳಿದ: ‘ಆ ಪದ ತಪ್ಪು ಬರೆದದ್ದು ನಾನು ಅಕ್ಕ. ನೀನಲ್ಲ. ನಾಚಿಕೆಯಾಯ್ತು, ಅದಕ್ಕೆ ನಿನ್ನ ಹೆಸರು ಹಾಕಿದೆ.’

‘ನನಗೆ ಗೊತ್ತಿಲ್ವಾ? ನನ್ನ ಹತ್ತಿರ ಯಾಕೆ ಹೇಳ್ತೀಯ? ಎಲ್ಲಿ ಬರೆದಿದ್ಯೋ ಅಲ್ಲಿ ಬರಿ.’

ಆ ಪುಟ ತೆರೆದ. ಎಂಟು ವರ್ಷದ ಹಿಂದಿನ ಸಾಲು ಹಾಗೇ ಇತ್ತು. ಅದರ ಮೇಲೆ ಹೊಸದಾಗಿ, ಒಂದೇ ಬೆರಳಲ್ಲಿ, ನಿಧಾನವಾಗಿ ಟೈಪು ಮಾಡಿದ: ‘ಸಂಶೋಧನೆಯಲ್ಲಿದ್ದ ತಪ್ಪು ನನ್ನದು. ಅದು ತಪ್ಪಲ್ಲ ಎಂದು ಕಂಡವಳು ನನ್ನ ಅಕ್ಕ. ಕೆಳಗೆ ನಾನು ಬರೆದದ್ದು ಸುಳ್ಳು.’ ಪರದೆಯನ್ನು ಅವಳ ಕಡೆ ತಿರುಗಿಸಿದ. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು, ಇನ್ನೊಂದು ಸಲ ಓದಿದಳು. ‘ಹಾಕು’ ಎಂದಳು. ಹಾಕಿದ. ಅವಳು ಮೂಗು ಒರೆಸಿಕೊಂಡು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಎಳೆದುಕೊಂಡಳು.

‘ಈಗ ಹೇಳು, ಹದಿನಾಲ್ಕು ಅಂದದ್ದು ಯಾರು? ನಾನಂತೂ ಅಂದಿರಲ್ಲ.’

‘ನೀನು ಇಪ್ಪತ್ತಂದೆ. ನಾನು ಎಂಟಂದೆ.’

‘ಎಂಟಾ! ಎಂಟು ವರ್ಷಕ್ಕೆ ನೀಲಿ ಬರುತ್ತೇನೋ? ನೀಲಿಯ ಹೆಚ್ಚುಕಡಿಮೆ ಕಣ್ಣಿಗೆ ಕಾಣೋಕೇ ಎಂಟು ಬೇಕು. ಹದಿನೆಂಟು ಮಾಡು.’

ಸರಿ ಎನ್ನಲು ಬಾಯಿ ತೆರೆದಿದ್ದ. ಅವಳ ಕಣ್ಣು ಅವನ ಬಾಯಿಯ ಮೇಲೇ ಇತ್ತು. ಅವನು ಉಸಿರೆಳೆದುಕೊಂಡು, ಮೇಜು ಕುಟ್ಟಿ ಹೇಳಿದ: ‘ಹದಿನೆಂಟು ಸಾಧ್ಯವೇ ಇಲ್ಲ. ನಿನಗೆ ಆಟವೂ ಗೊತ್ತಿಲ್ಲ, ಆಡೋರೂ ಗೊತ್ತಿಲ್ಲ. ಹತ್ತರ ಮೇಲೆ ಒಂದೂ ಹಾಕಲ್ಲ.’

‘ಹಾಕಲ್ವಾ? ಹೇಗೆ ಹಾಕಲ್ಲ ನೋಡ್ತೀನಿ!’

ಹಜಾರದಲ್ಲಿ ಭಾವ ಟಿವಿ ನಿಲ್ಲಿಸಿ, ಬಾಗಿಲ ಹತ್ತಿರ ಬಂದು ಇಣುಕಿ, ಏನೂ ಕೇಳದೆ ಇನ್ನೆರಡು ಲೋಟ ಟೀಗೆ ನೀರಿಟ್ಟರು. ಸಂಜೆ ಆರಾದರೂ ಅಂಕಿ ತೀರ್ಮಾನವಾಗಿರಲಿಲ್ಲ.